ಜೀರುಂಡೆಯ ಹೊಟ್ಟೆಯೊಳಗಿನ ಗೋಡೌನ್

ಅಕೌಂಟೆನ್ಸಿ ಓದುವವಳಿಗೆ ಜೀರುಂಡೆಯ ಸಹವಾಸ ಯಾಕೆ ಎಂದು ನಮ್ಮ ತರಗತಿಯಲ್ಲೇ ಕೆಲವರು ಕೇಳಿದ್ದಾರೆ. ಪ್ರಯೋಗಾಲಯ ಇರುವುದು ವಿಜ್ಞಾನ ವಿಭಾಗದವರಿಗೆ, ನಿಜ. ಆದರೆ ಈ ಹುಳ ತನ್ನ ಸರಕು ಇಟ್ಟುಕೊಳ್ಳುವ ರೀತಿ ನೋಡಿದರೆ ವಾಣಿಜ್ಯ ವಿಭಾಗಕ್ಕೂ ಇದರಲ್ಲಿ ಪಾಲಿದೆ.

ಬಾಂಬಾರ್ಡಿಯರ್ ಜೀರುಂಡೆ ನೆಲದ ಮೇಲೆ ಓಡಾಡುವ ಹುಳ. ಭಾರತದಲ್ಲೂ ಇದೆ. ಹಗಲಲ್ಲಿ ಕಲ್ಲಿನ ಕೆಳಗೆ ಅಡಗಿರುತ್ತದೆ. ರೆಕ್ಕೆ ಗಟ್ಟಿ ಹೊದಿಕೆಯ ಕೆಳಗೆ ಮಡಚಿಕೊಂಡಿರುವುದರಿಂದ ಇರುವೆ ಬಂದು ಕಾಲು ಹಿಡಿದರೆ ತಕ್ಷಣ ಹಾರಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆಗ ಅದು ಹಿಂಭಾಗವನ್ನು ಬೇಕಾದ ಕಡೆಗೆ ತಿರುಗಿಸಿ 'ಟಪ್' ಎಂಬ ಸದ್ದಿನೊಂದಿಗೆ ಕುದಿಯುವ ದ್ರವ ಚಿಮ್ಮಿಸುತ್ತದೆ. ಬೇಕಿದ್ದರೆ ತನ್ನ ಬೆನ್ನಿನ ಮೇಲಿನಿಂದ ಮುಂದಕ್ಕೂ ಗುರಿ ಇಡಬಲ್ಲದು.

ಅದರ ಹೊಟ್ಟೆಯ ತುದಿಯಲ್ಲಿ ಎರಡು ಗ್ರಂಥಿಗಳಿವೆ. ಒಂದೊಂದರಲ್ಲೂ ಎರಡೆರಡು ಕೋಣೆ. ದೊಡ್ಡ ಕೋಣೆಯೇ ಗೋಡೌನ್. ಅಲ್ಲಿ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆತ ದ್ರವ ತುಂಬಿರುತ್ತದೆ. ಇವೆರಡೂ ಬೆರೆತ ಕೂಡಲೇ ಸಿಡಿಯುತ್ತವೆ ಎಂದು ಹೇಳುವವರಿದ್ದಾರೆ. ಹಾಗಲ್ಲ, ಒಂದೇ ಕೋಣೆಯಲ್ಲಿ ಸುಮ್ಮನೆ ಕೂತಿರುತ್ತವೆ. ಕೆಲಸ ಶುರುವಾಗುವುದು ಪಕ್ಕದ ಚಿಕ್ಕ ಕೋಣೆಯಲ್ಲಿ. ಅಲ್ಲಿ ಕ್ಯಾಟಲೇಸ್, ಪೆರಾಕ್ಸಿಡೇಸ್ ಎಂಬ ಕಿಣ್ವಗಳಿವೆ. ಗೋಡೌನಿನ ಸ್ನಾಯು ಬಿಗಿದಾಗ ದ್ರವ ಒಂದು ಕವಾಟ ದಾಟಿ ಈ ಕೋಣೆಗೆ ಬರುತ್ತದೆ. ಪೆರಾಕ್ಸೈಡ್ ಒಡೆದು ನೀರು ಮತ್ತು ಆಮ್ಲಜನಕ ಆಗುತ್ತದೆ, ಹೈಡ್ರೋಕ್ವಿನೋನ್ ಉರಿ ಹುಟ್ಟಿಸುವ ಬೆಂಜೋಕ್ವಿನೋನ್ ಆಗುತ್ತದೆ. ಈ ಕ್ರಿಯೆಯಲ್ಲಿ ಹೊರಬೀಳುವ ಶಾಖದಿಂದ ದ್ರವ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹೊರಗೆ ತಳ್ಳುವುದು ಆಮ್ಲಜನಕದ ಒತ್ತಡ.

ಹಾಗಾದರೆ ಹುಳವೇ ಬೆಂದುಹೋಗುವುದಿಲ್ಲವೇ? ಇದಕ್ಕೆ ಉತ್ತರ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್ ಮತ್ತು ಸಂಗಡಿಗರಿಂದ ಬಂತು. ನಮ್ಮ ಕಣ್ಣಿಗೆ ಒಂದೇ ಧಾರೆಯಾಗಿ ಕಾಣುವುದು ನಿಜವಾಗಿ ಸೆಕೆಂಡಿಗೆ 500ರ ಆಸುಪಾಸಿನ ವೇಗದಲ್ಲಿ ಬೀಳುವ ಸಣ್ಣ ಸಣ್ಣ ಸಿಡಿತಗಳು ಎಂದು ಅವರು 1990ರಲ್ಲಿ ತೋರಿಸಿದರು. ಒಂದು ಸಿಡಿತದ ಒತ್ತಡಕ್ಕೆ ಕವಾಟ ಮುಚ್ಚುತ್ತದೆ, ಒತ್ತಡ ಇಳಿದಾಗ ಮತ್ತೆ ತೆರೆದು ತಣ್ಣಗಿನ ದ್ರವ ಬರುತ್ತದೆ. ಬಿಸಿ ಕೋಣೆ ಅಷ್ಟರಲ್ಲೇ ಸ್ವಲ್ಪ ತಣಿಯುತ್ತದೆ. ಒಳಗೆ ದಪ್ಪ ಪದರವೂ ಇದೆ. ಸರಕು ಖಾಲಿಯಾದರೆ ಮಾತ್ರ ಮತ್ತೆ ತುಂಬಲು ಸಮಯ ಬೇಕು, ಅಲ್ಲಿಯವರೆಗೆ ಹುಳ ಬರಿಗೈ. ಅದಕ್ಕೇ ಒಂದೇ ಸಲಕ್ಕೆ ಎಲ್ಲವನ್ನೂ ಖರ್ಚು ಮಾಡುವುದಿಲ್ಲ. ನಮ್ಮ ಬೀದಿಯ ಎಷ್ಟೋ ಅಂಗಡಿಯವರಿಗಿಂತ ಇದರ ಸ್ಟಾಕ್ ಲೆಕ್ಕ ಚೆನ್ನಾಗಿದೆ.

ನುಂಗಿಬಿಟ್ಟರೆ? ಜಪಾನಿನ ಕೋಬೆ ವಿಶ್ವವಿದ್ಯಾಲಯದವರು ಇದನ್ನೂ ಪರೀಕ್ಷಿಸಿದರು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಜೀರುಂಡೆ ನುಂಗಿದ ನೆಲಗಪ್ಪೆಗಳಲ್ಲಿ ಶೇಕಡಾ 43ರಷ್ಟು ಅದನ್ನು ಕಕ್ಕಿದವು. ನುಂಗಿದ 12ರಿಂದ 107 ನಿಮಿಷಗಳ ನಡುವೆ. ಹೊರಬಂದ ಹುಳಗಳೆಲ್ಲ ಜೀವಂತ! ಮೊದಲೇ ದ್ರವ ಖಾಲಿ ಮಾಡಿಸಿದ್ದ ಜೀರುಂಡೆಗಳು ಮಾತ್ರ ಬಹುತೇಕ ಅಲ್ಲೇ ಜೀರ್ಣವಾದವು.

ಎಲ್ಲ ಶತ್ರುಗಳೂ ಸೋಲುವುದಿಲ್ಲ. ಅಮೆರಿಕದ ಮರುಭೂಮಿಯಲ್ಲಿ ಎಲಿಯೋಡಿಸ್ ಎಂಬ ಜೀರುಂಡೆ ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ಕ್ವಿನೋನ್ ಚಿಮ್ಮಿಸುತ್ತದೆ. ಅಲ್ಲಿಯ ಒಂದು ಜಾತಿಯ ಇಲಿ ಅದನ್ನು ಹಿಡಿದು, ಹಿಂಭಾಗವನ್ನು ಮರಳಿಗೆ ಚುಚ್ಚಿ, ತಲೆಯ ಕಡೆಯಿಂದ ಆರಾಮವಾಗಿ ತಿನ್ನುತ್ತದೆ.

ಇನ್ನು ನಮ್ಮ ಮನೆಗೇ ಬರುವ ಜೀರುಂಡೆಯ ವಿಷಯ. ಹೋದ ಮಳೆಗಾಲದಲ್ಲಿ ನನ್ನ ತಮ್ಮನ ಕುತ್ತಿಗೆಯಲ್ಲಿ ಬೆಳಿಗ್ಗೆ ಎದ್ದಾಗ ಬರೆ ಎಳೆದ ಹಾಗೆ ಕೆಂಪು ಗೆರೆ, ಉರಿ, ಮರುದಿನ ಸಣ್ಣ ಗುಳ್ಳೆಗಳು. ದಾದಿ "ಮಕಡಿ ಮೂತೀ" ಎಂದರು, ಅಂದರೆ ಜೇಡ ಉಚ್ಚೆ ಹೊಯ್ದಿದೆ ಎಂದು. ಪಕ್ಕದ ಮನೆಯ ಅಜ್ಜಿ ಸರ್ಪಸುತ್ತು ಎಂದರು. ಚರ್ಮದ ಡಾಕ್ಟರು ನೋಡಿ, ಎರಡೂ ಅಲ್ಲ, ಪೀಡರಸ್ ಎಂಬ ಜೀರುಂಡೆಯ ಕೆಲಸ ಎಂದರು.

ಈ ಪೀಡರಸ್ ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಇರುವೆಯಂತೆ ಕಾಣುತ್ತದೆ. ತಲೆ ಕಪ್ಪು, ಮೈ ಕಿತ್ತಳೆ, ನಡುವೆ ನೀಲಿ ಹೊಳಪಿನ ಗಿಡ್ಡ ರೆಕ್ಕೆ ಹೊದಿಕೆ. ಮಳೆ ಬಿದ್ದ ಮೇಲೆ ಟ್ಯೂಬ್‌ಲೈಟಿಗೆ ಬರುತ್ತದೆ. ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಅದರ ರಕ್ತದಲ್ಲಿ ಪೆಡೆರಿನ್ ಎಂಬ ವಿಷವಿದೆ. ಅದನ್ನು ತಯಾರಿಸುವುದು ಹುಳವೂ ಅಲ್ಲ, ಅದರೊಳಗೆ ವಾಸಿಸುವ ಬ್ಯಾಕ್ಟೀರಿಯಾ. ನಿದ್ದೆಯಲ್ಲಿ ನಾವು ಅದನ್ನು ಉಜ್ಜಿ ಕೊಂದಾಗ ವಿಷ ಚರ್ಮಕ್ಕೆ ಮೆತ್ತುತ್ತದೆ. ತಕ್ಷಣ ಗೊತ್ತಾಗದು, ಉರಿ ಶುರುವಾಗುವುದು ಒಂದು ದಿನ ಕಳೆದ ಮೇಲೆ. ಅದಕ್ಕೇ ಯಾರೂ ಹುಳವನ್ನು ಅನುಮಾನಿಸುವುದಿಲ್ಲ.

ಹಾಸ್ಟೆಲಿನಲ್ಲಿರುವವರು ಗಮನಿಸಿ: ಮೈಮೇಲೆ ಇಂಥದ್ದು ಕಂಡರೆ ಹೊಡೆಯಬೇಡಿ, ಊದಿ ಬಿಡಿ ಅಥವಾ ಕಾಗದಕ್ಕೆ ಹತ್ತಿಸಿ ಆಚೆ ಬಿಡಿ. ಒರೆಸಿಬಿಟ್ಟಿದ್ದರೆ ಆ ಜಾಗವನ್ನೂ ಕೈಯನ್ನೂ ಕೂಡಲೇ ಸೋಪು ಹಾಕಿ ತೊಳೆಯಿರಿ. ಅದೇ ಕೈಯಿಂದ ಕಣ್ಣು ಉಜ್ಜಿದರೆ ಕಣ್ಣೂ ಊದಿಕೊಳ್ಳುತ್ತದೆ. ತಮ್ಮನಿಗೆ ಡಾಕ್ಟರು ಒಂದು ಮುಲಾಮು ಕೊಟ್ಟಿದ್ದರು. ಗುಳ್ಳೆ ಒಣಗಿತು, ಕಂದು ಗೆರೆ ಇನ್ನೂ ಸ್ವಲ್ಪ ಇದೆ.