ಕರಡು ತಿದ್ದುವ ಕಾಯಕ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನ ಐನಾಪುರವು ಕೃಷ್ಣಾ ನದಿಯ ಬಯಲಿಗೆ ಸೇರಿದ ಊರು. ಮಹಾರಾಷ್ಟ್ರದ ಗಡಿ ಅಲ್ಲಿಂದ ದೂರವಿಲ್ಲ. ಕನ್ನಡದೊಡನೆ ಮರಾಠಿಯೂ ಕಿವಿಗೆ ಬೀಳುವ ಈ ಸೀಮೆಯಲ್ಲಿ ಬೆಳೆದ ಬರಹಗಾರನೊಬ್ಬನು ಶಿಕ್ಷಣ ಸಂಸ್ಥೆಯೊಂದರ ಸ್ಮರಣ ಸಂಚಿಕೆಗೆ ಲೇಖನ ಬರೆಯುತ್ತ, ‘ಹಿರಿಯರು ಚೌಕಶಿ ಮಾಡಿದರು’ ಎಂದು ಬರೆದನೆನ್ನೋಣ. ಅವನ ಊರಿನವರಿಗೆ ಅದು ವಿಚಾರಣೆ. ಮೈಸೂರಿನ ಓದುಗನಿಗೆ ಅಂಗಡಿಯ ಮುಂದೆ ನಡೆಯುವ ಚೌಕಾಸಿ. ಒಂದೇ ಮಾತಿಗೆ ಹುಟ್ಟಿದ ಈ ಎರಡು ಅರ್ಥಗಳ ನಡುವೆ ನಿಂತು, ಓದುಗನು ದಾರಿ ತಪ್ಪದಂತೆ ನೋಡಿಕೊಳ್ಳುವವನೇ ಬರಹವನ್ನು ಪರಿಷ್ಕರಿಸುವವನು. ಅವನ ಹೆಸರು ಪುಸ್ತಕದ ಮುಖಪುಟದ ಮೇಲೆ ಇರುವುದಿಲ್ಲ.

ಸಂಬಳದ ನೌಕರಿಯಲ್ಲಿರದೆ, ಸಾಹಿತ್ಯ ಸಂಘಗಳಿಗೂ ವಿದ್ಯಾಸಂಸ್ಥೆಗಳಿಗೂ ಬೇಕಾದಾಗ ಬರೆದುಕೊಡುವ, ಬರೆದುದನ್ನು ತಿದ್ದಿಕೊಡುವ ಪದ್ಧತಿ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾಯಿತು. ಆಗ ಈ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಗಳಲ್ಲಿ ಮರಾಠಿಯ ಪ್ರಭಾವ ಹೆಚ್ಚಾಗಿತ್ತು. ಕನ್ನಡದಲ್ಲಿ ಓದಲು ಪುಸ್ತಕಗಳೇ ಸಾಲದಿದ್ದಾಗ ಕನ್ನಡ ಓದಿರಿ ಎಂದು ಹೇಳಿ ಪ್ರಯೋಜನವೇನು? ರಾ. ಹ. ದೇಶಪಾಂಡೆಯವರು ಮತ್ತು ಅವರ ಸಂಗಡಿಗರು ಇದನ್ನರಿತು ಗ್ರಂಥಗಳನ್ನು ಬರೆಯಿಸಲು, ಒಳ್ಳೆಯ ಕೃತಿಗಳಿಗೆ ಬಹುಮಾನ ಕೊಡಲು ಮುಂದಾದರು. 1896ರಲ್ಲಿ ‘ವಾಗ್ಭೂಷಣ’ವೆಂಬ ಪತ್ರಿಕೆಯೂ ಹೊರಟಿತು. ಊರೂರಿನ ಶಾಲಾಮಾಸ್ತರರಿಗೆ ಇದರಿಂದ ಬರೆಯಲು ಒಂದು ಅವಕಾಶ ದೊರೆಯಿತು.

ಅಂತಹ ಮಾಸ್ತರರಲ್ಲಿ ಒಬ್ಬರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ ಜನಿಸಿದ ಇವರನ್ನು ಕನ್ನಡಿಗರು ಊರಿನ ಹೆಸರಿನಿಂದಲೇ ಗಳಗನಾಥರೆಂದು ಕರೆದರು. ಇವರ ‘ಪ್ರಬುದ್ಧ ಪದ್ಮನಯನೆ’ಗೆ ವಿದ್ಯಾವರ್ಧಕ ಸಂಘದ ಬಹುಮಾನ ಬಂದಿತು. ಬಹುಮಾನವು ಉತ್ಸಾಹ ಕೊಡುತ್ತದೆ, ಸಂಸಾರ ನಡೆಸುವುದಿಲ್ಲ. ಆದರೂ ಗಳಗನಾಥರು ಮಾಸ್ತರಿಕೆಯನ್ನು ಬಿಟ್ಟು ಬರವಣಿಗೆಯನ್ನೇ ನಂಬಿದರು. ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದನೆಯನ್ನು ಹೊತ್ತರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು; ವಿಜಯನಗರದ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ಯ ಮೂಲವು ಆಪಟೆಯವರ ‘ವಜ್ರಾಘಾತ’. ಅಚ್ಚಾದ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆಯುವುದು, ತಿದ್ದುವುದು, ಮಾರುವುದು ಮೂರೂ ಒಬ್ಬರ ಮೈಮೇಲೆಯೇ ಬಿದ್ದಿದ್ದವು. 1942ರಲ್ಲಿ ಅವರು ತೀರಿಕೊಂಡರು. ಓದುಗರನ್ನು ಗಳಿಸಿಕೊಟ್ಟಷ್ಟು ಸುಲಭವಾಗಿ ಕನ್ನಡವು ಅವರಿಗೆ ಹಣವನ್ನು ಗಳಿಸಿಕೊಡಲಿಲ್ಲ.

ವಿಜಯಪುರದ ಫ. ಗು. ಹಳಕಟ್ಟಿಯವರ ಮುಂದಿದ್ದ ಕೆಲಸ ಬೇರೆ ಬಗೆಯದು. ವೃತ್ತಿಯಿಂದ ವಕೀಲರಾದ ಅವರು ವಚನಗಳ ತಾಳೆಯೋಲೆಗಳನ್ನು ಹುಡುಕಿ ತಂದು ಶೋಧಿಸಿದರು. ಓಲೆಯಲ್ಲಿ ಪದಗಳ ನಡುವೆ ಬಿಡುವಿಲ್ಲ. ಇಂದಿನ ವಿರಾಮ ಚಿಹ್ನೆಗಳಿಲ್ಲ. ಹಳೆಯ ಬರವಣಿಗೆಯಲ್ಲಿ ‘ಎ’ ‘ಏ’ಗಳಿಗೂ ‘ಒ’ ‘ಓ’ಗಳಿಗೂ ಭೇದವನ್ನು ತೋರಿಸುತ್ತಿರಲಿಲ್ಲ. ಹೀಗಾಗಿ ‘ಕೊಡು’ ಎಂಬುದೋ ‘ಕೋಡು’ ಎಂಬುದೋ, ‘ಬೆರೆ’ಯೋ ‘ಬೇರೆ’ಯೋ ಎಂಬುದನ್ನು ಸಂದರ್ಭವೇ ಹೇಳಬೇಕು. ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ ನೋಡಬೇಕು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅನಂತರ ಅವರು 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತಾವೇ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು.

ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಮುದ್ರಿಸುತ್ತಿದ್ದ ಆ ಕಾಲದಲ್ಲಿ ಒಬ್ಬನು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವನು, ಮತ್ತೊಬ್ಬನು ಕರಡಚ್ಚಿನ ಮೇಲೆ ಕಣ್ಣಿಟ್ಟು ಅಂಚಿನಲ್ಲಿ ಗುರುತು ಹಾಕುವನು. ಕನ್ನಡದ ಒತ್ತಕ್ಷರಗಳೂ ಮಹಾಪ್ರಾಣಗಳೂ ಕಣ್ಣನ್ನು ಬಲು ಬೇಗ ಮೋಸಗೊಳಿಸುತ್ತವೆ. ‘ಮದ್ಯವರ್ಜನ ಶಿಬಿರ’ದ ಕರಪತ್ರದಲ್ಲಿ ‘ಮಧ್ಯವರ್ಜನ’ವೆಂದು ಅಚ್ಚಾದರೆ, ಕುಡಿತವನ್ನಲ್ಲ, ನಡುವನ್ನೇ ಬಿಡಿಸಿದಂತಾಗುತ್ತದೆ! ಗಣಕಯಂತ್ರ ಬಂದ ಮೇಲೂ ಈ ಬಗೆಯ ತಪ್ಪು ಉಳಿದಿದೆ. ಏಕೆಂದರೆ ಎರಡೂ ನಿಘಂಟಿನಲ್ಲಿರುವ ಪದಗಳೇ, ಯಂತ್ರವು ಅವುಗಳನ್ನು ಸುಲಭವಾಗಿ ಒಪ್ಪಿಬಿಡುತ್ತದೆ. ಅನುವಾದದಲ್ಲಿಯಂತೂ ಅಪಾಯ ಇನ್ನೂ ಹೆಚ್ಚು. ಹಿಂದಿಯ ‘ಉಪನ್ಯಾಸ’ವು ಕಾದಂಬರಿ, ಕನ್ನಡದ್ದು ಭಾಷಣ, ಹಿಂದಿಯ ‘ಶಿಕ್ಷಾ’ ಎಂದರೆ ವಿದ್ಯೆ, ಕನ್ನಡದ ‘ಶಿಕ್ಷೆ’ ದಂಡನೆ, ಮರಾಠಿಯ ‘ರಾಗ’ವು ಸಿಟ್ಟು.

ತಿದ್ದುವವನಿಗೆ ಇನ್ನೊಂದು ಬಗೆಯ ಪ್ರಲೋಭನೆಯೂ ಉಂಟು. ‘ಸಾಲಿ’ ಎಂದಿರುವಲ್ಲೆಲ್ಲ ‘ಶಾಲೆ’ ಎಂದೂ, ‘ಐತಿ’ ಎಂದಿರುವಲ್ಲೆಲ್ಲ ‘ಇದೆ’ ಎಂದೂ ಮಾಡಿಬಿಡುವುದು ಸುಲಭ. ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಅದು ಸರಿಯೇ. ಆದರೆ ಐನಾಪುರದ ಅಜ್ಜಿಯೊಬ್ಬಳು ಹೇಳಿದ ಕಥೆಯನ್ನು ಜಾನಪದ ಸಂಗ್ರಹಕ್ಕಾಗಿ ಬರೆದುಕೊಂಡಿದ್ದರೆ, ಹಾಗೆ ತಿದ್ದಿದವನು ಅಜ್ಜಿಯ ಬಾಯನ್ನೇ ಮುಚ್ಚಿದಂತೆ. ಸಂದೇಹ ಬಂದಾಗ ಬಲ್ಲವನು ಪದವನ್ನು ಹೊಡೆದುಹಾಕುವುದಿಲ್ಲ. ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದು ಲೇಖಕನಿಗೆ ಹಿಂದಿರುಗಿಸುತ್ತಾನೆ.

ಇಂದು ಈ ಕೆಲಸಕ್ಕೆ ಕ್ಷೇತ್ರವು ವಿಸ್ತಾರವಾಗಿದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಎಂಬ ಲಾಭರಹಿತ ಸಂಸ್ಥೆಯು ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಲ್ಲಿ ಮಕ್ಕಳ ಪುಸ್ತಕಗಳನ್ನು ಪ್ರಕಟಿಸುತ್ತದೆ. ಊರು ಬಿಡದೆ, ಮನೆಯಲ್ಲಿಯೇ ಕುಳಿತು ಇಂತಹ ಕೆಲಸಗಳನ್ನು ಮಾಡಲು ಈಗ ಸಾಧ್ಯ. ಆದರೆ ‘ಸೇವೆ’ ಎಂಬ ಹೆಸರಿನಲ್ಲಿ ಗೌರವಧನವನ್ನು ಮರೆಯುವ ಅಭ್ಯಾಸ ಪೂರ್ತಿಯಾಗಿ ಹೋಗಿಲ್ಲ. ಆದ್ದರಿಂದ ಅನುಭವಿಗಳು ಕೆಲಸವನ್ನು ಒಪ್ಪಿಕೊಳ್ಳುವ ಮೊದಲೇ ಪುಟವೆಷ್ಟು, ಕರಡನ್ನು ಎಷ್ಟು ಸಲ ನೋಡಬೇಕು, ಹಣವೆಷ್ಟು, ಯಾವ ದಿನಕ್ಕೆ ಎಂಬುದನ್ನು ಕಾಗದದ ಮೇಲೆ ಬರೆಯಿಸಿಕೊಳ್ಳುತ್ತಾರೆ.