ಯಾರನ್ನು ಮಾತಿಗೆ ಕರೆಯುವುದು

ಮಳೆಗಾಲದಲ್ಲಿ ದಾಲ್‌ಮಿಲ್‌ಗಳಿಗೆ ಕೆಲಸ ಕಡಿಮೆ. ಎಣ್ಣೆ ಹಚ್ಚಿದ ತೊಗರಿಯನ್ನು ಅಂಗಳದಲ್ಲಿ ಹರವಲು ಬಿಸಿಲು ಬೇಕು. ಆಗಸ್ಟ್ ತಿಂಗಳಲ್ಲಿ ಕಲಬುರಗಿಯ ಬಿಸಿಲನ್ನು ನಂಬಿ ಕೂರುವಂತಿಲ್ಲ. ಅದಕ್ಕೇ ನಮ್ಮ ಭಾಗದ ಮಿಲ್ಲಿನವರು, ಅಡತಿ ವ್ಯಾಪಾರಿಗಳು ಸೇರುವ ಬೇಳೆಕಾಳು ಸಮಾವೇಶ ಆ ತಿಂಗಳಲ್ಲೇ ನಡೆಯುತ್ತದೆ. ಆ ಹೊತ್ತಿಗೆ ಬಿತ್ತನೆ ಮುಗಿದಿರುತ್ತದೆ, ಹೊಸ ಮಾಲು ಇಲ್ಲಿಯ ಮಾರುಕಟ್ಟೆಯಾದ ನೆಹರು ಗಂಜಿಗೆ ಬರಲು ಇನ್ನೂ ನಾಲ್ಕು ತಿಂಗಳಿರುತ್ತದೆ. ಈ ಸಲ ದರ ಏನಾದೀತು ಎಂಬುದೊಂದೇ ಎಲ್ಲರ ತಲೆಯಲ್ಲಿ. 2014ರಿಂದ ಆ ಸಮಾವೇಶಕ್ಕೆ ಮಾತಾಡುವವರನ್ನು ಹುಡುಕಿ ಕರೆಸುವ ಕೆಲಸ ನನ್ನದು. ಮಿಲ್ಲು ನಡೆಸುವುದನ್ನು ಅಪ್ಪನಿಂದ ಕಲಿತೆ. ಈ ಕೆಲಸವನ್ನು ಕಲಿಸುವವರು ಯಾರೂ ಇರಲಿಲ್ಲ. ತಪ್ಪು ಮಾಡುತ್ತಲೇ ಕಲಿಯಬೇಕಾಯಿತು. ಅದರಲ್ಲಿ ಒಂದು ತಪ್ಪು ದೊಡ್ಡದು.

ಅದು 2016ರ ಸಮಾವೇಶ. ಹಿಂದಿನ ಎರಡು ವರ್ಷ ಮಳೆ ಕೈಕೊಟ್ಟಿತ್ತು. 2015ರ ಅಕ್ಟೋಬರ್‌ನಲ್ಲಿ ತೊಗರಿಬೇಳೆ ಕಿರಾಣಿ ಅಂಗಡಿಗಳಲ್ಲಿ ಕೆಜಿಗೆ 200 ರೂಪಾಯಿ ಮುಟ್ಟಿ, ಸರಕಾರ ದಾಸ್ತಾನಿಗೆ ಮಿತಿ ಹಾಕಿತ್ತು. 2016ರ ಮಳೆಗಾಲ ಬಂದರೂ ಗಂಜಿನಲ್ಲಿ ತೊಗರಿ ಕ್ವಿಂಟಲ್‌ಗೆ ಎಂಟು ಸಾವಿರ ದಾಟಿಯೇ ನಿಂತಿತ್ತು. ವಿಶ್ವಸಂಸ್ಥೆ ಆ ವರ್ಷವನ್ನು ಅಂತರರಾಷ್ಟ್ರೀಯ ಬೇಳೆಕಾಳು ವರ್ಷವೆಂದು ಸಾರಿದ್ದರಿಂದ ಸಮಾವೇಶ ದೊಡ್ಡದಾಗಿಯೇ ಆಗಲಿ ಎಂದು ಎಲ್ಲರೂ ಹಟ ಹಿಡಿದಿದ್ದರು. ನಾನು ಮುಂಬಯಿಯಿಂದ ಹೆಸರುವಾಸಿ ದರ ವಿಶ್ಲೇಷಕರೊಬ್ಬರನ್ನು ಕರೆಸಿದೆ. ಬಣ್ಣ ಬೇರ್ಪಡಿಸುವ ಯಂತ್ರ ಮಾರುವ ಕಂಪನಿಗಳಿಗೆ ತಲಾ ಇಪ್ಪತ್ತು ನಿಮಿಷ ಕೊಟ್ಟೆ, ಪೆಂಡಾಲಿನ ಖರ್ಚು ಅವರದೇ ಆಗಿತ್ತಲ್ಲ. ಶಾಲು, ಹಾರ, ಪೇಟ, ನೆನಪಿನ ಕಾಣಿಕೆಗಳಿಗೇ ಮುಕ್ಕಾಲು ಗಂಟೆ ಹೋಯಿತು. ರೈತರ ಪರವಾಗಿ ಒಬ್ಬರಿರಲಿ ಎಂದು ಆಳಂದ ತಾಲೂಕಿನ ಹಿರಿಯರೊಬ್ಬರನ್ನೂ ಕರೆದಿದ್ದೆ. ನಮ್ಮ ಮಿಲ್ಲಿಗೆ ಇಪ್ಪತ್ತು ವರ್ಷದಿಂದ ತೊಗರಿ ಹಾಕುವವರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಕಾಕಾಗೆ ಗೊತ್ತುಪಡಿಸಿದ್ದ ಹದಿನೈದು ನಿಮಿಷ ಊಟದ ಹೊತ್ತು ಹತ್ತಿರವಾದಂತೆ ಐದಕ್ಕೆ ಇಳಿಯಿತು.

ವಿಶ್ಲೇಷಕರು ಪರದೆಯ ಮೇಲೆ ಗೆರೆಗಳನ್ನು ತೋರಿಸುತ್ತ, ದೇಶದ ಬೇಡಿಕೆ ನೋಡಿದರೆ ತೊಗರಿ ಬೇಗ ಇಳಿಯುವ ಮಾತೇ ಇಲ್ಲ ಎಂದರು. ಮಾತು ಸೊಗಸಾಗಿತ್ತು. ಸಭೆಯೆಲ್ಲ ಬರೆದುಕೊಂಡಿತು, ನಾನೂ ಬರೆದುಕೊಂಡೆ. ಕೊನೆಯಲ್ಲಿ ಕಾಕಾ ಎದ್ದರು. ಮೈಕು ಹಿಡಿದು ರೂಢಿಯಿಲ್ಲ, ಸ್ವಲ್ಪ ದೂರವೇ ಹಿಡಿದರು. "ಈ ಸಲ ನಮ್ಮ ಕಡಿ ಬದು ಒಂದ ಬಿಟ್ಟು ಎಲ್ಲಾ ತೊಗರಿನೇ ಅದ್ರಿ. ಹೆಸರು ಹಾಕೋವ್ರೂ ತೊಗರಿ ಹಾಕ್ಯಾರ, ಸೂರ್ಯಪಾನ ಹಾಕೋವ್ರೂ ತೊಗರಿ ಹಾಕ್ಯಾರ. ಮಳಿನೂ ಛಲೋ ಅದ. ಇಷ್ಟು ಮಾಲು ಬಂದ್ರ ಎಲ್ಲಿಗಿ ಹೋಗ್ತದ್ರಿ?" ಎಂದರು. ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ನಾನು ಮೇಜಿನ ಮೇಲಿನ ಗಂಟೆ ಬಾರಿಸಿದೆ. ಅವರು ಮೈಕು ಕೆಳಗಿಟ್ಟು ಕೈ ಮುಗಿದು ಕೂತರು.

ಆಮೇಲೆ ಆದದ್ದು ಈ ಭಾಗದವರಿಗೆಲ್ಲ ಗೊತ್ತು. 2015-16ರಲ್ಲಿ ದೇಶದ ತೊಗರಿ ಉತ್ಪಾದನೆ ಸುಮಾರು 25 ಲಕ್ಷ ಟನ್ ಇದ್ದದ್ದು 2016-17ರಲ್ಲಿ 48 ಲಕ್ಷ ಟನ್ ದಾಟಿತು. ಅದರ ಮೇಲೆ ಹೊರದೇಶದ ಮಾಲೂ ಬಂತು. ಮೊಜಾಂಬಿಕ್‌ನಿಂದ ವರ್ಷಾವರ್ಷ ತೊಗರಿ ತರಿಸುವ ಒಪ್ಪಂದವನ್ನು ಸರಕಾರ ಅದೇ ಜುಲೈನಲ್ಲಿ ಮಾಡಿಕೊಂಡಿತ್ತು. ಆ ವರ್ಷದ ಬೆಂಬಲ ಬೆಲೆ ಬೋನಸ್ ಸೇರಿ 5,050 ರೂಪಾಯಿ. ಗಂಜಿನ ದರ ಅದಕ್ಕಿಂತ ಕೆಳಗೆ ಹೋಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್‌ಗಳು ದಿನಗಟ್ಟಲೆ ಸಾಲು ನಿಂತವು. ನಾನು ಎಂಟು ಸಾವಿರದ ಮೇಲೆ ಕೊಂಡಿದ್ದ ಮಾಲನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗೆ ಮಾರಿದೆ. ಬ್ಯಾಂಕಿನ ಸಾಲ ತೀರಿಸಲು ನಾಲ್ಕು ವರ್ಷ ಹಿಡಿಯಿತು.

ಫೆಬ್ರುವರಿಯಲ್ಲಿ ಕಾಕಾ ಹನ್ನೆರಡು ಚೀಲ ತೊಗರಿ ತಂದು ಮಿಲ್ಲಿನ ಬಾಗಿಲಲ್ಲಿ ಇಳಿಸಿದರು. ಚಹಾ ಕುಡಿಯುತ್ತ, "ಆವತ್ತು ಇನ್ನೊಂದು ಮಾತು ಉಳಿದಿತ್ತು ಸಾವ್ಕಾರ್ರ. ಮಾಲು ಹಿಡೀಬ್ಯಾಡ್ರಿ ಅಂತ ಹೇಳೋವ್ನಿದ್ದೆ" ಎಂದರು. ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ವಿಶ್ಲೇಷಕರನ್ನು ದೂರಿ ಪ್ರಯೋಜನವಿಲ್ಲ. ಅವರು ಹಿಂದಿನ ವರ್ಷಗಳ ಆವಕ ನೋಡಿ ಲೆಕ್ಕ ಹೇಳಿದರು. ಕಾಕಾ ಆ ವರ್ಷದ ಹೊಲ ನೋಡಿ ಬಂದಿದ್ದರು. ಇಬ್ಬರನ್ನೂ ಒಂದೇ ಗಂಟೆಯಲ್ಲಿ ಎದುರುಬದುರು ಕೂಡಿಸಿ, ನೀವು ಕಂಡದ್ದನ್ನು ಇವರಿಗೆ ಹೇಳಿ ಎಂದಿದ್ದರೆ ಸಭೆಗೆ ಬಂದವರಲ್ಲಿ ಅರ್ಧ ಜನರಾದರೂ ಉಳಿದುಕೊಳ್ಳುತ್ತಿದ್ದರು. ಹಾಗೆ ಕೂಡಿಸುವುದು ನನ್ನ ಕೆಲಸವಾಗಿತ್ತು. ನಾನು ಅದನ್ನು ಮಾಡಲಿಲ್ಲ.

ಮರುವರ್ಷದಿಂದ ಕರೆಯುವ ರೀತಿ ಬದಲಿಸಿದೆ. ದರದ ಬಗ್ಗೆ ಮಾತಾಡುವವರಿಗೆ ಫೋನಿನಲ್ಲಿ ಮೊದಲೇ ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಅಂದಾಜು ಯಾವ ವರ್ಷ ತಪ್ಪಿತು, ಯಾಕೆ ತಪ್ಪಿತು? ಕೆಲವರು ಮುನಿಸಿಕೊಂಡು ಬರುವುದನ್ನೇ ಬಿಟ್ಟರು. ಹೇಳಲು ಒಪ್ಪಿದವರು ವೇದಿಕೆಯ ಮೇಲೂ ಅದರಿಂದಲೇ ಶುರು ಮಾಡಲಿ ಎಂದು ಕೇಳಿಕೊಂಡೆ. ಅಂಥ ಒಬ್ಬರು ಬಂದು ತಮ್ಮ ಲೆಕ್ಕ ಎಲ್ಲಿ ದಾರಿ ತಪ್ಪಿತೆಂದು ಬಿಡಿಸಿ ಹೇಳಿದ ದಿನ ಹಿಂದಿನ ಸಾಲಿನವರೂ ಕುರ್ಚಿ ಎಳೆದುಕೊಂಡು ಮುಂದೆ ಬಂದಿದ್ದರು.

ಭಾಷೆಯ ತೊಡಕು ಇನ್ನೊಂದು ಕಡೆ. ಹೊರಗಿನಿಂದ ಬಂದವರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತಾಡುತ್ತಾರೆ. ಮೊದಲೆಲ್ಲ ಕಾಲೇಜಿನ ಹುಡುಗರನ್ನು ಅನುವಾದಕ್ಕೆ ನಿಲ್ಲಿಸುತ್ತಿದ್ದೆವು. ಅವರು 'ತೇವಾಂಶ', 'ಸಂಸ್ಕರಣಾ ಇಳುವರಿ' ಎನ್ನುತ್ತಿದ್ದರು. ಕೇಳುವವರ ಮುಖದ ಮೇಲೆ ಏನೂ ಮೂಡುತ್ತಿರಲಿಲ್ಲ. 'ಕಾಳು ಎಷ್ಟು ಹಸಿ ಅದ', 'ಕ್ವಿಂಟಲ್‌ಗೆ ಎಷ್ಟು ಬ್ಯಾಳಿ ಬಿದ್ದದ' ಎಂದ ಕೂಡಲೇ ಮುಖಗಳು ಅರಳುತ್ತವೆ. ಈಗ ಅನುವಾದಕ್ಕೆ ನಾನೇ ನಿಲ್ಲುತ್ತೇನೆ. ಮಾತಾಡುವವರನ್ನು ಹಿಂದಿನ ಸಂಜೆ ಗಂಜಿಗೆ ಕರೆದೊಯ್ದು, ಹಮಾಲರ ನಡುವೆ ನಿಲ್ಲಿಸಿ, ಚೀಲಕ್ಕೆ ಕೈ ಹಾಕಿಸಿ, ಅವರು ನಾಳೆ ಹೇಳಲಿರುವ ಒಂದೊಂದು ಪದಕ್ಕೂ ನಮ್ಮ ಪದ ಯಾವುದೆಂದು ಗೊತ್ತುಮಾಡಿಕೊಳ್ಳುತ್ತೇನೆ.

ನಾನು ಕರೆಸಿದವರಲ್ಲಿ ಮರೆಯಲಾಗದವರು ಮೂವರು.

ಒಬ್ಬರು ಕೆನಡಾದ ಸಸ್ಕಾಚೆವಾನ್ ಪ್ರಾಂತದ ರೈತರು. ಅವರು ಬೆಳೆಯುವುದು ಹಳದಿ ಬಟಾಣಿ ಮತ್ತು ಮಸೂರ. ಆಗಸ್ಟ್‌ನಲ್ಲಿ ಬನ್ನಿ ಎಂದಾಗ, ಅದು ನಮ್ಮ ರಾಶಿಯ ಕಾಲ, ಆಗದು ಎಂದರು. ಅವರು 2019ರ ಫೆಬ್ರುವರಿಯಲ್ಲಿ ವ್ಯಾಪಾರದ ಮೇಲೆ ಮುಂಬಯಿಗೆ ಬಂದವರು ಒಂದು ದಿನ ನಮ್ಮಲ್ಲಿಗೂ ಬಂದರು. ಫೆಬ್ರುವರಿ 10 ಮೊದಲ ವಿಶ್ವ ಬೇಳೆಕಾಳು ದಿನ ಎಂಬ ನೆಪವಿತ್ತು, ಮಿಲ್ಲಿನ ಅಂಗಳದಲ್ಲೇ ಜಮಖಾನೆ ಹಾಸಿ ಕೂಡಿದೆವು. 2017ರ ನವೆಂಬರ್‌ನಲ್ಲಿ ಭಾರತ ಹಳದಿ ಬಟಾಣಿಗೆ ಶೇ 50 ಆಮದು ಸುಂಕ ಹಾಕಿದಾಗ ತಮ್ಮ ಮಾಲು ಕಣಜದಲ್ಲೇ ಉಳಿಯಿತು ಎಂದು ಅವರು ಹೇಳಿದರು. ಕಾಕಾ ಅನುವಾದ ಕೇಳಿಸಿಕೊಂಡು, "ಅವರ ಮಾಲು ಬಂದ್ರ ನಮಗ ಕಷ್ಟ, ಬರದಿದ್ರ ಅವ್ರಿಗಿ ಕಷ್ಟ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಆ ಮನುಷ್ಯ ಬಹಳ ಹೊತ್ತು ಕಾಕಾ ಕೈ ಹಿಡಿದುಕೊಂಡೇ ಕೂತಿದ್ದರು.

ನಮ್ಮ ವ್ಯಾಪಾರಿಗಳು ಅವರಿಂದ ಸುಂಕದ ಸುದ್ದಿ ಬಯಸಿದ್ದರು. ರೈತರಿಗೆ ಹಿಡಿಸಿದ್ದು ಬೇರೆ. ಅವರ ಸೀಮೆಯಲ್ಲಿ ಬಟಾಣಿ, ಮಸೂರದ ಬೇರಿಗೆ ಒಂದು ಕೊಳೆರೋಗ ಅಂಟಿದೆ. ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುವುದರಿಂದ, ರೋಗ ಹೊಕ್ಕ ಹೊಲಕ್ಕೆ ಆರರಿಂದ ಎಂಟು ವರ್ಷ ಆ ಎರಡು ಬೆಳೆ ಹಾಕಬೇಡಿ ಎಂದು ಅಲ್ಲಿಯ ತಜ್ಞರು ಹೇಳುತ್ತಾರಂತೆ. ವರ್ಷ ಬಿಡದೆ ತೊಗರಿಯ ಮೇಲೆ ತೊಗರಿ ಹಾಕುವ ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೇಳಿದವರೆಲ್ಲ ಬೆಳೆ ಬದಲಿಸಲಿಲ್ಲ. ಜೋಳ ಹಾಕಿದರೆ ಹೊಟ್ಟೆಗಾಯಿತು, ಸಾಲಕ್ಕೇನು ಎಂದರು. 2022ರಲ್ಲಿ ಮಳೆ ಹೆಚ್ಚಾಗಿ ನೆಟೆ ರೋಗ ಬಿತ್ತು. ಹೂವು, ಕಾಯಿ ಹಿಡಿದ ಗಿಡಗಳು ನಿಂತಲ್ಲೇ ಒಣಗಿ ಕಟ್ಟಿಗೆಯಾದವು. ಕಲಬುರಗಿ ಜಿಲ್ಲೆಯಲ್ಲಿ ಆ ವರ್ಷ ಅತ್ತ ಮನೆಗಳೆಷ್ಟೋ.

ಮರುವರ್ಷದ ಸಮಾವೇಶಕ್ಕೆ ಸಸ್ಯರೋಗ ಓದಿದ ಹೆಣ್ಣುಮಗಳೊಬ್ಬಳು ಬಂದಳು. ಪರದೆ ಬೇಡ, ಒಂದು ಕುಡುಗೋಲು ಕೊಡಿ ಎಂದಳು. ಬೆಳಗ್ಗೆ ಬರುವ ದಾರಿಯಲ್ಲಿ ಯಾವುದೋ ಹೊಲದಲ್ಲಿ ಇಳಿದು ಹಿಂದಿನ ಬೆಳೆಯ ತೊಗರಿ ಕೂಳೆಗಳನ್ನು ಬೇರುಸಹಿತ ಕಿತ್ತು ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು. ಒಂದೊಂದನ್ನೇ ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಗೆರೆ ತೋರಿಸಿ, ಸಾಲಿನಿಂದ ಸಾಲಿಗೆ ಕಳಿಸಿದಳು. "ಗಿಡ ಕೊಯ್ದು ಕಟ್ಟಿಗೆ ಮನೆಗೆ ಒಯ್ತೀರಿ, ರೋಗವನ್ನ ಇದರೊಳಗೆ ಹೊಲದಾಗ ಬಿಟ್ಟು ಬರ್ತೀರಿ" ಎಂದಳು. ನೆಟೆ ರೋಗದ ಶಿಲೀಂಧ್ರ ಆ ಕೂಳೆಯಲ್ಲೇ ಮೂರು ವರ್ಷದವರೆಗೂ ಬದುಕುತ್ತದೆ. ತೊಗರಿಯ ಜೊತೆ ಅಕ್ಕಡಿಯಾಗಿ ಜೋಳ ಹಾಕಿದರೂ, ಒಂದು ವರ್ಷ ಬಿಟ್ಟು ಜೋಳವನ್ನೇ ಬಿತ್ತಿದರೂ ರೋಗ ತಗ್ಗುತ್ತದೆ. 1986ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಮಾರುತಿ ತಳಿ ಈ ರೋಗ ತಡೆಯುವ ಗುಣದಿಂದಲೇ ಹೆಸರು ಮಾಡಿತ್ತು, ಆದರೆ ತಳಿಯೊಂದನ್ನೇ ನಂಬಿ ಕೂರಬೇಡಿ ಎಂದಳು. ಆ ಸೀಳಿದ ಕೂಳೆಗಳಲ್ಲಿ ಎರಡನ್ನು ಯಾರೋ ಮನೆಗೆ ಒಯ್ದರು. ಭಾಷಣದ ನಂತರ ಕೇಳಿದವರು ಏನನ್ನಾದರೂ ಮನೆಗೆ ಒಯ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೂರನೆಯವರು ನಮ್ಮ ಮಿಲ್ಲಿನವರೇ, ಮೂವತ್ತು ವರ್ಷದಿಂದ ಅಂಗಳದಲ್ಲಿ ತೊಗರಿ ಹರವುವ ಅಕ್ಕ. ಆಹಾರ ತಂತ್ರಜ್ಞರೊಬ್ಬರು ಮೈಸೂರಿನಿಂದ ಬರುವವರಿದ್ದರು. ಅಲ್ಲಿಯ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರೂಪಿಸಿದ ಪದ್ಧತಿಯಲ್ಲಿ ಬಿಸಿಲಿನ ಬದಲು ಬಿಸಿಗಾಳಿಯಿಂದ ಕಾಳನ್ನು ಹದ ಮಾಡುತ್ತಾರೆ. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರವಿದೆ. ಅದು ಬಿಡದೆ ಸಿಪ್ಪೆ ಬಿಡದು. ನಾವು ಕಾಳಿಗೆ ಗೀರು ಹಾಕಿ, ಎಣ್ಣೆ ಹಚ್ಚಿ, ರಾತ್ರಿ ಗುಡ್ಡೆ ಹಾಕಿ, ಹಗಲು ಒಣಗಿಸಿ, ನೀರು ಕೊಟ್ಟು ಮತ್ತೆ ಒಣಗಿಸುವುದೆಲ್ಲ ಆ ಅಂಟು ಬಿಡಿಸಲಿಕ್ಕೇ. ನೂರು ಕೆಜಿಯಲ್ಲಿ ಸಿಪ್ಪೆ ಹೆಚ್ಚೆಂದರೆ ಹದಿನೈದು ಕೆಜಿ. ಆದರೂ ನಮ್ಮಲ್ಲಿ ಬೀಳುವ ಬೇಳೆ 72 ಕೆಜಿ. ಉಳಿದದ್ದು ನುಚ್ಚಾಗಿ, ಪುಡಿಯಾಗಿ ದನದ ಮೇವಿಗೆ ಹೋಗುತ್ತದೆ. ಆ ಹದಿಮೂರು ಕೆಜಿ ಕಳೆದುಕೊಳ್ಳುವುದು ಹೇಗೆಂದು ನಮಗೆಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಂಗಳದಲ್ಲೇ ಇದ್ದರು. ನಾನು ಅವರನ್ನು ತಂತ್ರಜ್ಞರ ಪಕ್ಕದ ಕುರ್ಚಿಯಲ್ಲಿ ಕೂಡಿಸಿದೆ. "ನಾ ಏನ್ ಹೇಳ್ಲಿ ಅಣ್ಣಾರ" ಎಂದು ಸೆರಗು ಹೊದ್ದು ಕೂತವರು, ಮಾತು ಶುರುವಾದ ಮೇಲೆ ಕಾಳನ್ನು ಹಲ್ಲಲ್ಲಿ ಕಚ್ಚಿ ಯಾವ ಸಪ್ಪಳಕ್ಕೆ ಒಣಗಿದೆ, ಯಾವುದಕ್ಕೆ ಇನ್ನೂ ಹಸಿ ಎಂದು ತೋರಿಸಿದರು. ಮೋಡ ಮುಸುಕಿದ ದಿನ ಅವಸರ ಮಾಡಿ ಮಿಲ್ಲಿಗೆ ಹಾಕಿದರೆ ನುಚ್ಚು ಜಾಸ್ತಿ ಎಂದು ಮೂರು ಸಲ ಹೇಳಿದರು, ಮೂರೂ ಸಲ ನನ್ನ ಕಡೆ ನೋಡಿಯೇ ಹೇಳಿದರು. ಮೈಸೂರಿನವರು ತಮ್ಮ ಭಾಷಣ ನಿಲ್ಲಿಸಿ ಅವರ ಮಾತನ್ನು ಬರೆದುಕೊಂಡರು. ಸಣ್ಣದೊಂದು ಬಿಸಿಗಾಳಿ ಯಂತ್ರವನ್ನು ನಾನು ಕೊಂಡದ್ದು ಆ ಮಧ್ಯಾಹ್ನದ ಮಾತಿನಿಂದಲೇ.

2024ರ ಆಗಸ್ಟ್ ಬಂತು. ತೊಗರಿ ಮತ್ತೆ ಏರಿತ್ತು, ಈ ಸಲ ಹತ್ತು ಸಾವಿರದ ಮೇಲೆ. ಪಟ್ಟಿಯಲ್ಲಿ ಮೊದಲ ಹೆಸರು ಕಾಕಾದು. ಮೇಜಿನ ಮೇಲೆ ಗಂಟೆ ಇರಲಿಲ್ಲ. ಅವರು ನಲವತ್ತು ನಿಮಿಷ ಮಾತಾಡಿದರು. ಹಳ್ಳಿಹಳ್ಳಿಯ ಹೆಸರು ಹಿಡಿದು ಎಲ್ಲೆಲ್ಲಿ ಯಾರು ಏನು ಬಿಟ್ಟು ತೊಗರಿ ಬಿತ್ತಿದ್ದಾರೆಂದು ಹೇಳಿ, ಎಂಟು ವರ್ಷದ ಹಿಂದೆ ಉಳಿದಿದ್ದ ಮಾತನ್ನು ಕೊನೆಗೆ ಆಡಿದರು: "ಮಾಲು ಹಿಡೀಬ್ಯಾಡ್ರಿ." ನಾನು ಹಿಡಿಯಲಿಲ್ಲ. ಜನವರಿಯಲ್ಲಿ ಗಂಜಿನ ದರ ಬೆಂಬಲ ಬೆಲೆಯಾದ 7,550ರ ಕೆಳಗೆ ಜಾರಿತು. ರಾಜ್ಯ ಸರಕಾರ ಅದರ ಮೇಲೆ 450 ರೂಪಾಯಿ ಸೇರಿಸಿ ಕೊಡುವುದಾಗಿ ಹೇಳಬೇಕಾಯಿತು. ನನ್ನ ಮಿಲ್ಲಿಗೆ ಪೆಟ್ಟು ಬೀಳಲಿಲ್ಲ.

ಕಾಕಾಗೆ ಬಿತ್ತು. ದರ ಬೀಳುವುದು ಗೊತ್ತಿದ್ದೂ ಅವರು ಎಂಟು ಎಕರೆ ತೊಗರಿಯನ್ನೇ ಬಿತ್ತಿದ್ದರು. ಆ ಎರೆ ಹೊಲಕ್ಕೆ, ಆ ಮಳೆಗೆ, ಅವರ ವಯಸ್ಸಿಗೆ ಬೇರೆ ಯಾವುದೂ ಹೊಂದುತ್ತಿರಲಿಲ್ಲ. ಅವರ ಮಾತು ಕೇಳಿ ನಾನು ಉಳಿದೆ, ಹೇಳಿದವರು ಉಳಿಯಲಿಲ್ಲ. ಮಾತಾಡುವವರನ್ನು ಆರಿಸುವುದು ಕಲಿತೆ ಎಂದು ನೆಮ್ಮದಿಯಿಂದಿದ್ದವನಿಗೆ ಆ ಜನವರಿಯಲ್ಲಿ ನಿದ್ದೆ ಬರಲಿಲ್ಲ.

ಎಳ್ಳಮವಾಸ್ಯೆಗೆ ಅವರ ಹೊಲಕ್ಕೆ ಹೋಗಿದ್ದೆ. ಭಜ್ಜಿ, ಸಜ್ಜಿ ರೊಟ್ಟಿ ಉಂಡಾದ ಮೇಲೆ ಕಾಕಾ ಬದುವಿನ ಮೇಲೆ ಕೂತು, "ಮುಂದಿನ ಸಲ ನನ್ನ ಕರೀಬ್ಯಾಡ್ರಿ ಸಾವ್ಕಾರ್ರ. ತೊಗರಿ ಬಿಟ್ಟು ಏನು ಬಿತ್ತಬೇಕು, ಬಿತ್ತಿದ್ದನ್ನ ಯಾರು ಕೊಳ್ತಾರ, ಎರಡೂ ಹೇಳೋವ್ರನ್ನ ಕರೀರಿ" ಎಂದರು. ಬಿತ್ತುವುದನ್ನು ಹೇಳಬಲ್ಲವರು ನನ್ನ ಪಟ್ಟಿಯಲ್ಲಿ ನಾಲ್ಕು ಮಂದಿ ಇದ್ದಾರೆ. ಕೊಳ್ಳುತ್ತೇನೆ ಎಂದು ವೇದಿಕೆಯ ಮೇಲೆ ನಿಂತು ಹೇಳಬಲ್ಲ ಒಬ್ಬರಿಗಾಗಿ ಗಂಜಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದೇನೆ. ನಿನ್ನೆ ಒಬ್ಬ ಮಿಲ್ಲಿನವರು, ನೀನು ಮೊದಲು ಹೇಳು, ಆಮೇಲೆ ನಾನು ಹೇಳುತ್ತೇನೆ ಎಂದರು. ನಮ್ಮ ಮಿಲ್ಲಿನಲ್ಲಿ ತೊಗರಿ ಬಿಟ್ಟು ಕಡಲೆ, ಹೆಸರು ಎಷ್ಟು ಚೀಲ ಒಡೆಯಲು ಸಾಧ್ಯವೆಂದು ಲೆಕ್ಕ ಹಾಕುತ್ತ ಕೂತಿದ್ದೇನೆ.