ಅಳಿಯದ ನಾದ

ಶಿಲ್ಪಿಯ ಪ್ರತಿಮೆ ಕಲ್ಲಿನಲ್ಲಿ ನಿಲ್ಲುತ್ತದೆ. ಕವಿಯ ಕಾವ್ಯ ಓಲೆಯಲ್ಲಿ ಉಳಿಯುತ್ತದೆ. ಆದರೆ ನಾದವು ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತದೆ. ಅದನ್ನು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರವನ್ನು ೧೮೭೭ರಲ್ಲಿ ಎಡಿಸನ್ನರು ನಿರ್ಮಿಸಿದರು. ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಒಂದು ಗೌರವದ ಸ್ಥಾನವಿದೆ.

ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು (೧೯೧೯–೧೯೭೪) ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಪರಿಣತರು. ಅವರ ಬಳಿ ಸಾವಿರಾರು ಗ್ರಾಮಫೋನ್ ತಟ್ಟೆಗಳ ಸಂಗ್ರಹವಿತ್ತು. ಆಗ ಲಂಡನ್ನಿನಲ್ಲಿ ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ವಿದ್ವಾಂಸರು ನೆಲೆಸಿದ್ದರು. ಮುಪ್ಪು ಮತ್ತು ಹೃದ್ರೋಗ ಅವರನ್ನು ಕುಗ್ಗಿಸಿದ್ದವು. ಅವರ ಕೃತಿಗಳನ್ನು ಕೇಳುವವರೂ ವಿರಳವಾಗಿದ್ದರು. ಅವರೊಡನೆ ಅವರ ನುಡಿಸಾಣಿಕೆಯೂ ಅಳಿದುಹೋಗುವ ಸಂಭವವಿತ್ತು. ಇದನ್ನು ಮನಗಂಡ ಮಹಾರಾಜರು ಧನವನ್ನೊದಗಿಸಿ, ಮೆಟ್ನರ್ ಸಂಘದ ಸ್ಥಾಪನೆಗೆ ಕಾರಣರಾದರು. ಮೆಟ್ನರರು ತಮ್ಮ ಮೂರು ಪಿಯಾನೊ ಕನ್ಸರ್ಟೋಗಳನ್ನೂ ಇತರ ಅನೇಕ ಕೃತಿಗಳನ್ನೂ ನುಡಿಸಿ ಮುದ್ರಿಸಿದರು; ಮೂರನೆಯ ಕನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿದರು. ೧೯೫೧ರಲ್ಲಿ ಅವರು ತೀರಿಕೊಂಡರು. ನಾದ ಮಾತ್ರ ಉಳಿಯಿತು.

ಆ ಕಾಲದ ತಟ್ಟೆಗಳು ಅರಗಿನವು. ನಿಮಿಷಕ್ಕೆ ೭೮ ಸುತ್ತು ತಿರುಗುವಂಥವು. ಒಂದು ಮಗ್ಗುಲಲ್ಲಿ ಸುಮಾರು ನಾಲ್ಕು ನಿಮಿಷದ ಸಂಗೀತ ಮಾತ್ರ ಹಿಡಿಸುತ್ತಿತ್ತು. ಕೈಜಾರಿದರೆ ತಟ್ಟೆ ಒಡೆಯುತ್ತಿತ್ತು. ಮುಳ್ಳು ಹರಿದಷ್ಟೂ ಗೆರೆ ಸವೆಯುತ್ತಿತ್ತು.

ಮುಂದೆ ಈ ಮುದ್ರಣಗಳು ಸಿ.ಡಿ.ಗಳಿಗೆ ಬಂದವು. ಸಿ.ಡಿ.ಯಲ್ಲಿ ನಾದದ ಅಲೆಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಈ ಅಂಕಿಗಳ ರಾಶಿಯನ್ನು ಕಿರಿದಾಗಿಸಲು ಎರಡು ಮಾರ್ಗಗಳುಂಟು. ಎಂಪಿ೩ ವಿಧಾನವು ಕಿವಿಗೆ ತಿಳಿಯಲಾರದೆಂದು ಎಣಿಸಿದ ಅಂಶಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದು ಮರಳಿ ದೊರೆಯದು. ನಷ್ಟರಹಿತ ವಿಧಾನವು ಏನನ್ನೂ ಬಿಡದು. ಪೆಟ್ಟಿಗೆಯಲ್ಲಿ ಹಿಡಿಸಲೆಂದು ರೇಷ್ಮೆ ಸೀರೆಯ ಅಂಚನ್ನು ಕತ್ತರಿಸುವುದು ಮೊದಲನೆಯ ಬಗೆ; ಅದನ್ನು ಅಚ್ಚುಕಟ್ಟಾಗಿ ಮಡಿಸುವುದು ಎರಡನೆಯ ಬಗೆ. ಮಡಿಕೆ ಬಿಚ್ಚಿದಾಗ ಒಂದೆಳೆಯೂ ಕಡಮೆಯಾಗಿರುವುದಿಲ್ಲ. ಆದರೆ ಮೂಲ ತಟ್ಟೆಯಲ್ಲಿ ಮೂಡದಿದ್ದ ನಾದವನ್ನು ಯಾವ ವಿಧಾನವೂ ಸೃಷ್ಟಿಸಲಾರದು. ಆದುದರಿಂದಲೇ ಮೊದಲ ಮುದ್ರಣಕ್ಕೆ ಅಷ್ಟು ಬೆಲೆ.

ಮಹಾರಾಜರು ತಾವು ಮೆಚ್ಚಿದ ಕಲೆಯನ್ನು ತಮ್ಮ ಅರಮನೆಗೆ ಮಾತ್ರ ಮೀಸಲಿಡಲಿಲ್ಲ. ಸಕಾಲದಲ್ಲಿ ಅವರು ನೀಡಿದ ನೆರವಿನಿಂದ, ದೂರದೇಶದ ಮುದುಕರೊಬ್ಬರ ಬೆರಳುಗಳ ನಾದವನ್ನು ಇಂದಿನ ವಿದ್ಯಾರ್ಥಿಯೂ ಕೇಳಬಹುದಾಗಿದೆ. ನಮ್ಮ ಊರಿನ ಹಿರಿಯರ ಹಾಡುಗಳೂ ಹೀಗೆ ಉಳಿಯಬೇಕಲ್ಲವೆ? ಯಂತ್ರವು ಉಳಿಸಬಲ್ಲುದು, ಉಳಿಸಬೇಕಾದುದು ಯಾವುದೆಂದು ಅರಿಯುವುದು ಮನುಷ್ಯನ ಹೊಣೆ.

ಪ್ರಶ್ನೆಗಳು
೧. ಮೆಟ್ನರ್ ಸಂಘದ ಸ್ಥಾಪನೆಗೆ ಮಹಾರಾಜರು ಏಕೆ ನೆರವಾದರು?
೨. ಸೀರೆಯ ಹೋಲಿಕೆಯಿಂದ ಲೇಖಕರು ಏನನ್ನು ವಿವರಿಸಿದ್ದಾರೆ?